ಒಂದೂ ಸ್ಪರ್ಧೆ ಗೆಲ್ಲದ ಚಾಂಪಿಯನ್

ಓದುಗರ ಪತ್ರ: ಜರ್ಮನಿ ಮತ್ತು ಆಸ್ಟ್ರಿಯಾದ ನಾಲ್ಕು ಗುಡ್ಡಗಳಲ್ಲಿ ನಡೆದ 2023–24ರ ಫೋರ್ ಹಿಲ್ಸ್ ಸ್ಕೀ ಜಂಪಿಂಗ್ ಟೂರ್ನಿಯಲ್ಲಿ ಜಪಾನಿನ ರಿಯೋಯು ಕೊಬಯಾಶಿ ನಾಲ್ಕು ಸ್ಪರ್ಧೆಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಆದರೂ ಚಿನ್ನದ ಹದ್ದಿನ ಟ್ರೋಫಿ ಅವರ ಕೈಸೇರಿತು. ಗೆದ್ದ ನಾಲ್ವರನ್ನು ಬಿಟ್ಟು ಗೆಲ್ಲದವರಿಗೆ ಪಟ್ಟ ಕಟ್ಟುವುದು ಯಾವ ನ್ಯಾಯ? ವಿಶ್ವಕಪ್‌ನಂತೆ ಸ್ಥಾನ ನೋಡಿ ಅಂಕ ಕೊಡಬಾರದೇಕೆ?
— ಓದುಗರು, ಮ್ಯೂನಿಕ್

ಸಂಪಾದಕರ ಉತ್ತರ:

ನಿಮ್ಮ ಸಲಹೆಯಂತೆಯೇ ಲೆಕ್ಕ ಹಾಕಿ ನೋಡೋಣ. ವಿಶ್ವಕಪ್‌ನಲ್ಲಿ ಮೊದಲ ಸ್ಥಾನಕ್ಕೆ 100, ಎರಡನೆಯದಕ್ಕೆ 80, ಮೂರನೆಯದಕ್ಕೆ 60 ಅಂಕ. ಆ ಸಲ ಓಬರ್ಸ್ಟ್‌ಡಾರ್ಫ್‌ನಲ್ಲಿ ಜರ್ಮನಿಯ ಆಂಡ್ರಿಯಾಸ್ ವೆಲಿಂಗರ್, ಗಾರ್ಮಿಶ್-ಪಾರ್ಟೆನ್‌ಕಿರ್ಷೆನ್‌ನಲ್ಲಿ ಸ್ಲೊವೇನಿಯಾದ ಆಂಝೆ ಲಾನಿಶೆಕ್ ಗೆದ್ದರು. ಇನ್ಸ್‌ಬ್ರುಕ್ ಆಸ್ಟ್ರಿಯಾದ ಯಾನ್ ಹೋರ್ಲ್ ಪಾಲಾಯಿತು, ಬಿಷೊಫ್ಸ್‌ಹೋಫೆನ್ ಅದೇ ದೇಶದ ಸ್ಟೆಫಾನ್ ಕ್ರಾಫ್ಟ್ ಪಾಲಾಯಿತು. ನಾಲ್ಕು ಕಡೆಯೂ ಎರಡನೆಯವರು ಕೊಬಯಾಶಿ. ಅಂದರೆ 320 ಅಂಕ. ಉಳಿದವರಲ್ಲಿ ಯಾರೇ ಆಗಲಿ, ಒಂದನ್ನು ಗೆದ್ದು ಮಿಕ್ಕ ಮೂರರಲ್ಲೂ ಮೂರನೆಯವರಾಗಿದ್ದರೂ 280ನ್ನು ದಾಟುವಂತಿರಲಿಲ್ಲ. ನಿಮ್ಮ ನಿಯಮದಲ್ಲೂ ಹದ್ದು ಜಪಾನಿಗೇ ಹಾರುತ್ತಿತ್ತು.

ಇನ್ನು ಈಗಿನ ನಿಯಮದ ವಿಚಾರ. ಇಲ್ಲಿ ಸ್ಥಾನಕ್ಕೆ ಬೆಲೆಯಿಲ್ಲ, ಪ್ರತಿ ಸ್ಪರ್ಧೆಗೆ ಎರಡರಂತೆ ಎಂಟು ಜಿಗಿತಗಳ ಒಟ್ಟು ಅಂಕಕ್ಕೆ ಮಾತ್ರ ಬೆಲೆ. ಗುಡ್ಡದಲ್ಲಿ ಗುರುತು ಮಾಡಿದ ಕೆ-ಪಾಯಿಂಟ್ ತಲುಪಿದರೆ 60 ಅಂಕ. ಅಲ್ಲಿಂದ ಮುಂದಿನ ಪ್ರತಿ ಮೀಟರ್‌ಗೆ 1.8 ಸೇರುತ್ತದೆ, ಹಿಂದೆ ಉಳಿದರೆ ಅಷ್ಟೇ ಕಳೆಯುತ್ತದೆ. ಐವರು ತೀರ್ಪುಗಾರರು ಹಾರಾಟದ ಮತ್ತು ಇಳಿಯುವ ಶೈಲಿಗೆ ತಲಾ 20ರವರೆಗೆ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ಮೂರನ್ನು ಕೂಡುತ್ತಾರೆ. ಎದುರುಗಾಳಿ ಜಿಗಿತಗಾರನನ್ನು ಎತ್ತಿ ಹಿಡಿಯುತ್ತದೆ, ಹಿಂಗಾಳಿ ಕೆಳಕ್ಕೆ ಒತ್ತುತ್ತದೆ. ಆದ್ದರಿಂದ ಗಾಳಿಗೆ ತಕ್ಕಂತೆ ಅಂಕ ಕೂಡಿ ಕಳೆಯುವ ಪದ್ಧತಿಯೂ ಬಂದಿದೆ.

ಈ ಲೆಕ್ಕದಲ್ಲಿ ಒಂದು ಮೀಟರ್ ಕೂಡ ವ್ಯರ್ಥವಾಗುವುದಿಲ್ಲ. ಗಂಟೆಗೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ ಜಾರಿ ಬಂದು, ಕೆಳಮುಖವಾಗಿಯೇ ಇರುವ ತುದಿಯಿಂದ ಕಣ್ಣೆವೆ ಇಕ್ಕುವಷ್ಟರಲ್ಲಿ ಚಿಮ್ಮಬೇಕು. ಆ ಕ್ಷಣ ಚೂರು ತಪ್ಪಿದರೂ ಹತ್ತಾರು ಮೀಟರ್ ಕೈಬಿಡುತ್ತದೆ. ಅದನ್ನು ಒಂಬತ್ತು ದಿನಗಳ ಆಸುಪಾಸಿನಲ್ಲಿ, ಎರಡು ದೇಶಗಳ ನಾಲ್ಕು ಬೇರೆ ಬೇರೆ ಗುಡ್ಡಗಳಲ್ಲಿ, ಎಂಟು ಸಲವೂ ಸರಿಯಾಗಿ ಮಾಡಿದವರನ್ನು ‘ಗೆಲ್ಲದವರು’ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಆ ಟೂರ್ನಿಯ ಮೊದಲ ಎರಡು ತಾಣಗಳ ನಂತರ ವೆಲಿಂಗರ್ ಮುಂದಿದ್ದರು. ಇನ್ಸ್‌ಬ್ರುಕ್‌ನಲ್ಲಿ ಅವರು ಹಿಂದೆ ಬಿದ್ದರು, ಕೊಬಯಾಶಿ ಬೀಳಲಿಲ್ಲ. ನಾಲ್ಕರ ಪೈಕಿ ಚಿಕ್ಕದಾದ ಬರ್ಗಿಸೆಲ್ ಗುಡ್ಡ ಅದು. ವಾಸ್ತುಶಿಲ್ಪಿ ಝಹಾ ಹದೀದ್ ವಿನ್ಯಾಸದ ಗೋಪುರ ಅದರ ನೆತ್ತಿಯಲ್ಲಿದೆ. ಅಲ್ಲಿನ ಗಾಳಿ ಯಾರ ಮಾತನ್ನೂ ಕೇಳುವುದಿಲ್ಲ. 2008ರಲ್ಲೂ 2022ರಲ್ಲೂ ಅಲ್ಲಿನ ಸ್ಪರ್ಧೆಯನ್ನೇ ಬಿಷೊಫ್ಸ್‌ಹೋಫೆನ್‌ಗೆ ಸಾಗಿಸಬೇಕಾಯಿತು. ನಾಲ್ಕರಲ್ಲಿ ಎರಡು ತಾಣ ತನ್ನವೇ ಆದರೂ ಜರ್ಮನಿ 2002ರ ಸ್ವೆನ್ ಹಾನಾವಾಲ್ಡ್ ನಂತರ ಈ ಪಟ್ಟಕ್ಕಾಗಿ ಕಾಯುತ್ತಲೇ ಬಂದಿದೆ. ಮ್ಯೂನಿಕ್‌ನಲ್ಲಿದ್ದುಕೊಂಡು ವೆಲಿಂಗರ್ ಗೆಲ್ಲಲೆಂದು ನೀವು ಹಾರೈಸಿದ್ದರೆ ಆ ನೋವು ನನಗೆ ಅರ್ಥವಾಗುತ್ತದೆ.

ಹಾನಾವಾಲ್ಡ್ ಆ ವರ್ಷ ನಾಲ್ಕೂ ಸ್ಪರ್ಧೆಗಳನ್ನು ಗೆದ್ದ ಮೊದಲಿಗರಾದರು. ಬಳಿಕ 2018ರಲ್ಲಿ ಪೋಲೆಂಡಿನ ಕಾಮಿಲ್ ಸ್ಟೋಖ್, 2019ರಲ್ಲಿ ಇದೇ ಕೊಬಯಾಶಿ ಆ ಸಾಧನೆ ಮಾಡಿದರು. ನಾಲ್ಕನ್ನೂ ಗೆದ್ದು ಒಮ್ಮೆ, ಒಂದನ್ನೂ ಗೆಲ್ಲದೆ ಇನ್ನೊಮ್ಮೆ ಚಾಂಪಿಯನ್ ಆದವರು ಅವರು. ಫಿನ್ಲೆಂಡಿನ ಯಾನ್ನೆ ಅಹೋನೆನ್ ಕೂಡ 1999ರಲ್ಲಿ ಒಂದೂ ಸ್ಪರ್ಧೆ ಗೆಲ್ಲದೆ ಪಟ್ಟಕ್ಕೇರಿದ್ದರು. ಅದೂ ಸೇರಿ ಒಟ್ಟು ಐದು ಸಲ ಗೆದ್ದರು. ಅವುಗಳಲ್ಲಿ 2006ರದು ಚೆಕ್ ಗಣರಾಜ್ಯದ ಯಾಕುಬ್ ಯಾಂಡಾ ಜೊತೆ ಹಂಚಿಕೊಂಡ ಪಟ್ಟ. ಎಂಟು ಜಿಗಿತ ಮುಗಿದಾಗ ಇಬ್ಬರ ಅಂಕವೂ ಸಮನಾಗಿತ್ತು!

ಅನ್ಯಾಯ ಎನ್ನುವುದಾದರೆ ನಾನು ನಾಕೌಟ್ ಪದ್ಧತಿಯತ್ತ ಬೆರಳು ತೋರಿಸುತ್ತೇನೆ. ಮೊದಲ ಸುತ್ತಿನಲ್ಲಿ 50 ಮಂದಿಯನ್ನು 25 ಜೋಡಿ ಮಾಡುತ್ತಾರೆ. ಜೋಡಿಯಲ್ಲಿ ಗೆದ್ದವರೂ, ಸೋತವರಲ್ಲಿ ಉತ್ತಮರಾದ ಐವರೂ ಎರಡನೆಯ ಜಿಗಿತಕ್ಕೆ ಉಳಿಯುತ್ತಾರೆ. ಬಲಶಾಲಿಯ ಎದುರು ಚೆನ್ನಾಗಿ ಹಾರಿ ಸೋತವರು ಮನೆಗೆ ಹೋಗಿ, ಮತ್ತೊಂದು ಜೋಡಿಯಲ್ಲಿ ಅವರಿಗಿಂತ ಕಡಿಮೆ ಅಂಕ ಪಡೆದವರು ಮುಂದೆ ಹೋಗಬಹುದು. ನೋಡುಗರಿಗೆ ರೋಚಕ, ನಿಜ. ಆದರೆ ಒಟ್ಟು ಅಂಕವೇ ಪ್ರಮಾಣವಾದ ಟೂರ್ನಿಗೆ ಇದು ಹೊಂದುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅದಕ್ಕಿಂತ ದೊಡ್ಡ ಅನ್ಯಾಯವೊಂದು ನಿಮ್ಮ ಪತ್ರದಲ್ಲಿ ಬಿಟ್ಟುಹೋಗಿದೆ. ಕೊಬಯಾಶಿ ನಾಲ್ಕು ಗುಡ್ಡಗಳಲ್ಲಿ ಹಾರಿದ ಅದೇ ಚಳಿಗಾಲದಲ್ಲಿ ಮಹಿಳೆಯರಿಗೆ ಸಿಕ್ಕಿದ್ದು ‘ಟೂ ನೈಟ್ಸ್ ಟೂರ್’ ಹೆಸರಿನಲ್ಲಿ ಗಾರ್ಮಿಶ್ ಮತ್ತು ಓಬರ್ಸ್ಟ್‌ಡಾರ್ಫ್ ಎರಡೇ. ಪುರುಷರ ಟೂರ್ನಿ ಶುರುವಾದದ್ದು 1953ರ ಜನವರಿಯಲ್ಲಿ. ಒಲಿಂಪಿಕ್ಸ್ ಮಹಿಳೆಯರಿಗೆ ಬಾಗಿಲು ತೆರೆದದ್ದು 2014ರಲ್ಲಿ, ಸೋಚಿಯಲ್ಲಿ. ಅದಾಗಿ ಹತ್ತು ವರ್ಷ ಕಳೆದರೂ ಇನ್ಸ್‌ಬ್ರುಕ್ ಮತ್ತು ಬಿಷೊಫ್ಸ್‌ಹೋಫೆನ್ ಅವರ ಪಟ್ಟಿಗೆ ಸೇರಿರಲಿಲ್ಲ. ನ್ಯಾಯ ಕೇಳಿ ಮುಂದಿನ ಪತ್ರ ಬರೆಯುವುದಾದರೆ ದಯವಿಟ್ಟು ಈ ಬಗ್ಗೆ ಬರೆಯಿರಿ, ಮೊದಲ ಪುಟಗಳಲ್ಲೇ ಪ್ರಕಟಿಸುತ್ತೇವೆ.