ಅಪ್ಪ-ಅಮ್ಮನ ಜೊತೆ ಮೊದಲ ವಿದೇಶ ಪ್ರವಾಸ: ಪ್ಯಾಕೇಜ್ ಟೂರೋ, ನಾವೇ ಹೋಗೋದೋ?

ನೀವು ಬೆಂಗಳೂರಿನವರು, ಅಪ್ಪ-ಅಮ್ಮನಿಗೆ ಅರವತ್ತು ದಾಟಿದೆ, ಅವರನ್ನು ಸಿಂಗಪುರಕ್ಕೋ ಯುರೋಪಿಗೋ ಕರೆದುಕೊಂಡು ಹೋಗಬೇಕು ಅಂತಿದ್ದೀರಿ ಅಂದುಕೊಳ್ಳೋಣ. ಎರಡಕ್ಕೂ ಒಂದೇ ಉತ್ತರ ಇಲ್ಲ.

ಸಿಂಗಪುರಕ್ಕೆ ಪ್ಯಾಕೇಜ್ ಸುಮ್ನೆ ದಂಡ. ಇಲ್ಲಿಂದ ನೇರ ವಿಮಾನವಿದೆ. ಊರಿನ ಬಹುತೇಕ ಕಡೆಗೆ ಮೆಟ್ರೋ ಹೋಗುತ್ತದೆ, ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ. ಇಂಗ್ಲಿಷ್, ತಮಿಳು ಎರಡೂ ಅಧಿಕೃತ ಭಾಷೆಗಳು. ಲಿಟಲ್ ಇಂಡಿಯಾದಲ್ಲಿ ಇಡ್ಲಿ, ದೋಸೆ ಸಿಗುತ್ತದೆ. ಅಮ್ಮ ಚಟ್ನಿಪುಡಿ ಹೊರಬೇಕಿಲ್ಲ (ಹೊತ್ತೇ ಹೊರುತ್ತಾರೆ, ಅದು ಬೇರೆ ಮಾತು).

ಯುರೋಪಿನ ಲೆಕ್ಕವೇ ಬೇರೆ. ಷೆಂಗೆನ್ ವೀಸಾಗೆ (ಯುರೋಪಿನ ಹಲವು ದೇಶಗಳಿಗೆ ಸೇರಿ ಇರುವ ಒಂದೇ ವೀಸಾ) ಪ್ರಯಾಣದ ವಿವರ, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ 30,000 ಯೂರೋ ಮೊತ್ತದ ಇನ್ಶೂರೆನ್ಸ್ ಬೇಕು. ಈ ಕಾಗದಪತ್ರದ ತಲೆನೋವು, ಸಸ್ಯಾಹಾರಿ ಊಟ, ಊರಿಂದೂರಿಗೆ ಸೂಟ್‌ಕೇಸ್ ಸಾಗಿಸೋದು, ಇಷ್ಟನ್ನೂ ಟೂರ್‌ನವರು ನೋಡಿಕೊಳ್ಳುತ್ತಾರೆ. ವೀಸಾಗೆ ಬೆರಳಚ್ಚು ಕೊಡಲು ಮಾತ್ರ ನೀವೇ ಹೋಗಬೇಕು.

ಆದರೆ ಒಂದೇ ವಾರದಲ್ಲಿ ನಾಲ್ಕೈದು ದೇಶ ಅಂದರೆ ದಿನಾ ಬೆಳಗ್ಗೆ ಬೇಗ ಎದ್ದು ಬಸ್ಸು ಹತ್ತೋದು. ಮಂಡಿನೋವು ಇರುವವರಿಗೆ ಇದು ಕಷ್ಟ. ಅದಕ್ಕಿಂತ ಸ್ವಿಟ್ಜರ್ಲೆಂಡ್ ಒಂದನ್ನೇ ಆರಿಸಿಕೊಂಡು ನೀವೇ ಹೋಗೋದು ನನ್ನ ಮಟ್ಟಿಗೆ ಒಳ್ಳೇದು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ರೈಲು, ಬಸ್ಸು, ದೋಣಿಗೆಲ್ಲಾ ಒಂದೇ ಟಿಕೆಟ್. ಎತ್ತರದ ಕೆಲವು ಬೆಟ್ಟಗಳಿಗೆ ಮಾತ್ರ ಬೇರೆ ದುಡ್ಡು.

ಪ್ಯಾಕೇಜೇ ಬೇಕೆಂದರೆ ಮುಂಗಡ ಕೊಡುವ ಮೊದಲು ಮೂರು ವಿಷಯ ಕೇಳಿ. ನೋಡುವ ಜಾಗಗಳಿಗೆ ಒಳಗೆ ಹೋಗೋ ಟಿಕೆಟ್ ಸೇರಿದೆಯಾ, ಬರೀ ಹೊರಗಿನಿಂದ ಫೋಟೋನಾ? ಟಿಪ್ಸ್ ಬೇರೆಯಾ? ವೀಸಾ ಸಿಗದಿದ್ದರೆ ಎಷ್ಟು ವಾಪಸ್? ಕೊನೆಯದನ್ನು ಬರವಣಿಗೆಯಲ್ಲೇ ಪಡೆಯಿರಿ.