ಮಾವನ ಟ್ರಂಕಿನಲ್ಲಿ ಹೆಮಿಂಗ್ವೆ

ಪ್ರಶ್ನೆ: ನಮ್ಮ ಸೋದರಮಾವ ಹಡಗಿನ ಕೆಲಸದಲ್ಲಿದ್ದವರು. ಅವರ ಟ್ರಂಕಿನಲ್ಲಿ ಹೆಮಿಂಗ್ವೆಯ ‘ದಿ ಓಲ್ಡ್ ಮ್ಯಾನ್ ಅಂಡ್ ದ ಸೀ’ ಸಿಕ್ಕಿದೆ. ಒಳಗೆ ಪ್ರಕಾಶಕರು ಜಾನಥನ್ ಕೇಪ್, ಲಂಡನ್, 1952 ಎಂದಿದೆ. ಮೇಲಿನ ಕಾಗದದ ಹೊದಿಕೆ, ಅಂದರೆ ಜಾಕೆಟ್ಟಿನ ಅಂಚು ಹರಿದಿದೆ, ಬೂಸಲೂ ಬಂದಿದೆ. ಮೊದಲ ಮುದ್ರಣವಾದರೆ ಲಕ್ಷಗಟ್ಟಲೆ ಸಿಗುತ್ತದೆ ಅಂತಾರೆ ಭಾವ. ಹೌದಾ? ಹೊಸ ಬೈಂಡಿಂಗ್ ಮಾಡಿಸಲೇ?
– ಓದುಗರು, ಕುಮಟಾ

ಉತ್ತರ: ಬೈಂಡಿಂಗ್ ಮಾತ್ರ ಬೇಡ ಮಾರಾಯ್ರೆ! ಹಾಗೆ ಮಾಡಿಸಿದರೆ ಸಂಗ್ರಾಹಕರು ತಿರುಗಿಯೂ ನೋಡುವುದಿಲ್ಲ. ಇಂಥ ಪುಸ್ತಕದ ಬೆಲೆಯಲ್ಲಿ ದೊಡ್ಡ ಪಾಲು ಆ ಹರಿದ ಜಾಕೆಟ್ಟಿನದೇ. ಸೆಲ್ಲೋಟೇಪು, ಲ್ಯಾಮಿನೇಶನ್ ಎರಡೂ ಬೇಡ. ಮಾವ ಹೆಸರು ಬರೆದಿದ್ದರೆ ಅದನ್ನು ಉಜ್ಜಲು ಹೋಗಬೇಡಿ.

ಇನ್ನು ಲಕ್ಷದ ಮಾತು. ನಿಮ್ಮದು ಬ್ರಿಟನ್ನಿನ ಆವೃತ್ತಿ. ಮರುಮುದ್ರಣದ ಸಾಲು ಇಲ್ಲದಿದ್ದರೆ ಅಲ್ಲಿಯ ಮೊದಲ ಮುದ್ರಣವೇ ಇರಬಹುದು. ಆದರೆ ಸಂಗ್ರಾಹಕರು ಜಾಸ್ತಿ ಹುಡುಕುವುದು ಲೇಖಕನ ಸ್ವಂತ ದೇಶದ್ದನ್ನು, ಅಂದರೆ ನ್ಯೂಯಾರ್ಕಿನ ಸ್ಕ್ರಿಬ್ನರ್ಸ್ ಪ್ರತಿಯನ್ನು. ಅದರ ಮೊದಲ ಮುದ್ರಣದ ಗುರುತಾಗಿ ಕಾಪಿರೈಟ್ ಪುಟದಲ್ಲಿ ‘ಎ’ ಅಕ್ಷರ, ಜೊತೆಗೆ ಪ್ರಕಾಶಕರ ಮುದ್ರೆ ಇರುತ್ತದೆ. ಈ ‘ಎ’ ಶುರುವಾದದ್ದು 1930ರಲ್ಲಿ. ಹಾಗಾಗಿ ಅದೇ ಪ್ರಕಾಶಕರು 1925ರಲ್ಲಿ ತಂದ ಫಿಟ್ಜೆರಾಲ್ಡ್‌ನ ಕಾದಂಬರಿ ‘ದ ಗ್ರೇಟ್ ಗ್ಯಾಟ್ಸ್‌ಬಿ’ಯಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. ಅಲ್ಲಿ 205ನೇ ಪುಟಕ್ಕೇ ಹೋಗಬೇಕು. ‘ಸಿಕ್ ಇನ್ ಟೈರ್ಡ್’ ಅನ್ನುವ ಅಚ್ಚಿನ ತಪ್ಪಿದ್ದರೆ ಮೊದಲ ಮುದ್ರಣ! ತಪ್ಪಿಗೇ ದುಡ್ಡು ಕೊಡುವ ಮಂದಿ ನಾವು.

ಅಮೆರಿಕದ ಕಾದಂಬರಿ ಲಂಡನ್ನಿನ ಹೆಸರಲ್ಲಿ ಸಿಕ್ಕಿದ್ದಕ್ಕೆ ಆಶ್ಚರ್ಯ ಬೇಡ. ಆಗ ಕಾಮನ್‌ವೆಲ್ತ್ ದೇಶಗಳಲ್ಲಿ ಮಾರುವ ಹಕ್ಕು ಸಾಮಾನ್ಯವಾಗಿ ಬ್ರಿಟಿಷ್ ಪ್ರಕಾಶಕರ ಕೈಲಿತ್ತು. ಮತ್ತೆ ಈ ಕಾದಂಬರಿ ಅಪರೂಪದ್ದೇನೂ ಅಲ್ಲ. ಪುಸ್ತಕವಾಗುವ ಮೊದಲೇ, 1952ರ ಸೆಪ್ಟೆಂಬರಿನಲ್ಲಿ, ‘ಲೈಫ್’ ಪತ್ರಿಕೆ ಇಡೀ ಕತೆಯನ್ನು ಒಂದೇ ಸಂಚಿಕೆಯಲ್ಲಿ ಹಾಕಿತ್ತು. ಲಕ್ಷಗಟ್ಟಲೆ ಪ್ರತಿ ಎರಡೇ ದಿನದಲ್ಲಿ ಖರ್ಚಾಗಿದ್ದವು. ಬೂಸಲು ಹಿಡಿದ ನಿಮ್ಮ ಪ್ರತಿಗೆ ಭಾವ ಹೇಳಿದಷ್ಟು ಸಿಗುವುದು ನನಗಂತೂ ಕಾಣುವುದಿಲ್ಲ.

ಬೂಸಲಿನ ಕಾಟ ಕಾರವಾರದಲ್ಲಿ ನನಗೂ ತಪ್ಪಿದ್ದಲ್ಲ. ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ನಾನು ಪುಸ್ತಕ ಇಡುವುದೇ ಇಲ್ಲ. ನೀವು ಅದನ್ನು ನೆರಳಲ್ಲಿ ಗಾಳಿಗಿಟ್ಟು ಒಣಗಿಸಿ. ಆಮೇಲೆ ಜಗಲಿಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆತ್ತನೆ ಬ್ರಶ್ಶಿನಿಂದ ಒರೆಸಿ. ಬಿಸಿಲಿಗೆ ಇಟ್ಟರೆ ಜಾಕೆಟ್ಟಿನ ಬಣ್ಣ ಹೋಗುತ್ತದೆ. ಪುಸ್ತಕ ಇಡುವ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ಆಗಾಗ ಬದಲಿಸಿ.

ಮಾರುವ ಮನಸ್ಸಿದ್ದರೆ ಜಾಕೆಟ್ಟಿನ ಒಳಮಡಿಕೆ ನೋಡಿ. ಶಿಲ್ಲಿಂಗಿನಲ್ಲಿ ಬೆಲೆ ಅಚ್ಚಾಗಿದ್ದರೆ ಒಳ್ಳೆಯದು. ಆ ಮೂಲೆಯನ್ನು ಕತ್ತರಿಸಿದ್ದರೆ ಇನ್ನಷ್ಟು ಕಡಿಮೆಗೆ ಕೇಳುತ್ತಾರೆ.