ಕಾರಿನಲ್ಲಿ ಗನ್ನು, ಮುಂದೆ ಶಾಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಅಮೆರಿಕದಲ್ಲಿರುವ ಓದುಗರಿಂದ ಗನ್ನಿನ ಬಗ್ಗೆಯೇ ಪತ್ರಗಳು ಜಾಸ್ತಿ. ಊರಿನಿಂದಲೂ ಎರಡು ಬಂದಿವೆ, ಅವನ್ನು ಕೊನೆಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಮೂರ್ನಾಲ್ಕು ಮನೆಯವರು ಸೇರಿ ಸರದಿಯ ಮೇಲೆ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತೇವೆ. ಅವರಲ್ಲಿ ಒಬ್ಬರ ಕಾರಿನಲ್ಲಿ, ಎರಡು ಸೀಟಿನ ನಡುವೆ, ಪಿಸ್ತೂಲು ನೋಡಿದೆ ಅಂತ ಮಗಳು ಬಂದು ಹೇಳಿದಳು. ಅವರನ್ನು ಕೇಳಿದರೆ "ಟೆಕ್ಸಾಸ್‌ನಲ್ಲಿ ಇದಕ್ಕೆ ಲೈಸೆನ್ಸೇ ಬೇಡ" ಅಂದರು. ನಿಜವಾ?
— ಒಬ್ಬ ತಂದೆ, ಫ್ರಿಸ್ಕೋ

ಉತ್ತರ: ಅರ್ಧ ನಿಜ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಾಸ್‌ನಲ್ಲಿ 21 ವರ್ಷ ತುಂಬಿದವರು, ಬೇರೆ ಕಾನೂನಿನ ಅಡ್ಡಿ ಇಲ್ಲದಿದ್ದರೆ, ಲೈಸೆನ್ಸ್ ಇಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಆದರೆ ಅದು ರಾಜ್ಯದ ಮಾತು. ಶಾಲೆಯ ಸುತ್ತಮುತ್ತ ಫೆಡರಲ್, ಅಂದರೆ ಇಡೀ ದೇಶಕ್ಕೆ ಅನ್ವಯಿಸುವ ಕೇಂದ್ರದ ಕಾನೂನು ಬೇರೆಯೇ ಇದೆ. ನಿಮ್ಮ ಸ್ನೇಹಿತರು ಅದನ್ನು ಓದಿದ ಹಾಗೆ ಕಾಣುವುದಿಲ್ಲ.

1990ರಲ್ಲಿ ಬಂದ ಆ ಕಾನೂನಿನ ಹೆಸರು ಗನ್-ಫ್ರೀ ಸ್ಕೂಲ್ ಝೋನ್ಸ್ ಆಕ್ಟ್. ಶಾಲೆಯ ಆವರಣ ಮಾತ್ರ ಅಲ್ಲ, ಆವರಣದ ಅಂಚಿನಿಂದ ಸುತ್ತ 1,000 ಅಡಿ ಕೂಡ ಅದರ ವ್ಯಾಪ್ತಿಗೆ ಬರುತ್ತದೆ. ಅಂದರೆ ಸುಮಾರು 305 ಮೀಟರ್, ನಮ್ಮ ಬೆಂಗಳೂರಿನ ಬಡಾವಣೆಗಳ ಲೆಕ್ಕದಲ್ಲಿ ಮೂರ್ನಾಲ್ಕು ಕ್ರಾಸ್ ಆಚೆವರೆಗೆ. ಸರ್ಕಾರಿ ಶಾಲೆ, ಖಾಸಗಿ ಶಾಲೆ, ಚರ್ಚ್ ನಡೆಸುವ ಶಾಲೆ ಎಲ್ಲವೂ ಸೇರುತ್ತವೆ, ಕಾಲೇಜು ಸೇರುವುದಿಲ್ಲ. ಇದು ಶಾಲೆಯ ವಲಯ ಅಂತ ಗೊತ್ತಿದ್ದು, ಅಥವಾ ಗೊತ್ತಿರಬೇಕಾದ ಹಾಗಿದ್ದು, ಅಲ್ಲಿ ಗನ್ ಇಟ್ಟುಕೊಂಡರೆ 5 ವರ್ಷದವರೆಗೆ ಜೈಲು. ದಿನಾ ಮಕ್ಕಳನ್ನು ಬಿಡಲು ಬರುವವರು ಗೊತ್ತಿರಲಿಲ್ಲ ಅನ್ನೋಕಾಗುತ್ತಾ?

ವಿನಾಯಿತಿಗಳಿವೆ. ಶಾಲೆಗೆ ಸೇರದ ಖಾಸಗಿ ಜಾಗಕ್ಕೆ ಈ ನಿಷೇಧ ಇಲ್ಲ, ಹಾಗಾಗಿ ಶಾಲೆಯ ಎದುರುಮನೆಯವರು ತಮ್ಮ ಮನೆಯೊಳಗೆ ಗನ್ ಇಟ್ಟುಕೊಂಡರೆ ತಪ್ಪಲ್ಲ. ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಿದ್ದರೂ ತಪ್ಪಲ್ಲ. ಮೂರನೆಯದೇ ಇಲ್ಲಿ ಮುಖ್ಯ. ಆ ಶಾಲೆ ಯಾವ ರಾಜ್ಯದಲ್ಲಿದೆಯೋ ಅದೇ ರಾಜ್ಯ, ಅರ್ಹತೆ ಪರೀಕ್ಷೆ ಮಾಡಿ ಕೊಟ್ಟ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ. ಈಗ ತಮಾಷೆ ನೋಡಿ. ಟೆಕ್ಸಾಸ್ ಲೈಸೆನ್ಸ್ ಬೇಡ ಅಂದಿತು, ಜನ ಸುಮ್ನೆ ಖರ್ಚು ಯಾಕೆ ಅಂತ ಲೈಸೆನ್ಸ್ ತೆಗೆದುಕೊಳ್ಳುವುದನ್ನೇ ಬಿಟ್ಟರು, ಬಿಟ್ಟವರಿಗೆ ಶಾಲೆಯ ರಸ್ತೆಯಲ್ಲಿ ಈ ಫೆಡರಲ್ ವಿನಾಯಿತಿಯೂ ಹೋಯಿತು. ಲೈಸೆನ್ಸ್ ಇದ್ದವರೂ ಪಕ್ಕದ ಒಕ್ಲಹೋಮಾಕ್ಕೆ ಹೋದಾಗ ಹುಷಾರಾಗಿರಬೇಕು, ಏಕೆಂದರೆ ಕಾನೂನಿನ ಅಕ್ಷರದ ಪ್ರಕಾರ ಟೆಕ್ಸಾಸ್ ಕಾರ್ಡು ಅಲ್ಲಿನ ಶಾಲೆಗಳಿಗೆ ಲೆಕ್ಕಕ್ಕಿಲ್ಲ.

"ಆ ಕಾನೂನನ್ನು ಸುಪ್ರೀಂ ಕೋರ್ಟ್ ಹೊಡೆದುಹಾಕಿತಲ್ಲ" ಅಂತ ಅವರು ವಾದ ಮಾಡಬಹುದು. ಅದೂ ಅರ್ಧ ನಿಜವೇ. 1992ರಲ್ಲಿ ನಿಮ್ಮ ಟೆಕ್ಸಾಸ್‌ನದೇ ಸ್ಯಾನ್ ಆಂಟೋನಿಯೋದಲ್ಲಿ 12ನೇ ಕ್ಲಾಸಿನ ಹುಡುಗನೊಬ್ಬ ಶಾಲೆಗೆ ಪಿಸ್ತೂಲು ತಂದು ಸಿಕ್ಕಿಬಿದ್ದ. ಆ ಲೋಪೆಝ್ ಕೇಸಿನಲ್ಲಿ 1995ರಲ್ಲಿ ಕೋರ್ಟು 5-4ರ ಬಹುಮತದಲ್ಲಿ, ಶಾಲೆಯ ಹತ್ತಿರ ಗನ್ ಇಟ್ಟುಕೊಳ್ಳುವುದಕ್ಕೂ ರಾಜ್ಯ-ರಾಜ್ಯಗಳ ನಡುವಿನ ವ್ಯಾಪಾರಕ್ಕೂ ಸಂಬಂಧ ಇಲ್ಲ, ಹಾಗಾಗಿ ಆ ವ್ಯಾಪಾರದ ಮೇಲಿನ ಅಧಿಕಾರ ಬಳಸಿ ಇಂಥ ಕಾನೂನು ಮಾಡಲು ಕಾಂಗ್ರೆಸ್ಸಿಗೆ (ಅಮೆರಿಕದ ಸಂಸತ್ತಿಗೆ) ಬರುವುದಿಲ್ಲ ಅಂತ ಕಾನೂನನ್ನು ರದ್ದು ಮಾಡಿತು. ಮರುವರ್ಷವೇ, 1996ರಲ್ಲಿ, ಕಾಂಗ್ರೆಸ್ ಒಂದು ಸಾಲು ಸೇರಿಸಿ ಅದನ್ನೇ ವಾಪಸ್ ತಂದಿತು: ರಾಜ್ಯದ ಗಡಿ ದಾಟಿದ ಅಥವಾ ಆ ವ್ಯಾಪಾರಕ್ಕೆ ತಗಲುವ ಗನ್ ಆಗಿರಬೇಕು. ಎಲ್ಲೋ ತಯಾರಾಗಿ ಎಲ್ಲೋ ಮಾರಾಟವಾಗುವ ಈ ಕಾಲದಲ್ಲಿ ಗಡಿ ದಾಟದ ಗನ್ ಹುಡುಕುವುದೇ ಕಷ್ಟ. ಕಾನೂನು ಇವತ್ತಿಗೂ ಇದೆ.

ನಿಮ್ಮ ಮಗಳ ಕಣ್ಣಿಗೆ ಪಿಸ್ತೂಲು ಬಿದ್ದಿದೆ ಅಂದಮೇಲೆ ಅದು ಬೀಗದ ಪೆಟ್ಟಿಗೆಯಲ್ಲಿ ಇರಲಿಲ್ಲ, ಅಲ್ವಾ? ಅವರನ್ನು ಎರಡೇ ಮಾತು ಕೇಳಿ. ಟೆಕ್ಸಾಸ್ ಲೈಸೆನ್ಸ್ ಇದೆಯಾ? ಇಲ್ಲದಿದ್ದರೆ ಗುಂಡು ತೆಗೆದು ಬೀಗ ಹಾಕಿಡುತ್ತೀರಾ? ಡ್ಯಾಶ್‌ಬೋರ್ಡಿನ ಖಾನೆಗೆ ಬೀಗ ಇದೆ ಅಂದರೆ ಒಪ್ಪಬೇಡಿ. ರಾಜ್ಯದಿಂದ ರಾಜ್ಯಕ್ಕೆ ಗನ್ ಸಾಗಿಸುವ ಇನ್ನೊಂದು ಫೆಡರಲ್ ನಿಯಮದಲ್ಲಿ, ಡಿಕ್ಕಿ ಬೇರೆಯಾಗಿ ಇಲ್ಲದ ಕಾರಿನಲ್ಲಿ ಆ ಖಾನೆಯನ್ನೂ ಸೀಟಿನ ನಡುವಿನ ಕನ್ಸೋಲನ್ನೂ ಬೀಗದ ಪೆಟ್ಟಿಗೆ ಅಂತ ಎಣಿಸುವುದಿಲ್ಲ. ಲೈಸೆನ್ಸ್ ಇದ್ದರೂ ಶಾಲೆಯ ಕಟ್ಟಡದೊಳಗೆ ಒಯ್ಯುವ ಹಾಗಿಲ್ಲ, ಅಲ್ಲಿ ಟೆಕ್ಸಾಸ್‌ನದೇ ಕಾನೂನು ಅಡ್ಡ ಬರುತ್ತದೆ, 2ರಿಂದ 10 ವರ್ಷ ಶಿಕ್ಷೆ. ಜೊತೆಗೆ 17 ತುಂಬದ ಮಕ್ಕಳ ಕೈಗೆ ಗುಂಡು ತುಂಬಿದ ಗನ್ ಸಿಗುವ ಹಾಗೆ ಬಿಡುವುದೂ ಅಲ್ಲಿ ಅಪರಾಧ. ಉತ್ತರ ಸರಿ ಕಾಣದಿದ್ದರೆ ಮಗಳನ್ನು ನೀವೇ ಬಿಡಿ. ಸ್ನೇಹ ಕೆಟ್ಟರೆ ಕೆಡಲಿ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಸ್ನೇಹಿತ ಊರಿಗೆ ಹೋಗುವಾಗ ತನ್ನ ಪಿಸ್ತೂಲನ್ನು ಒಂದು ತಿಂಗಳು ನಮ್ಮ ಮನೆಯಲ್ಲಿ ಇಟ್ಟುಕೋ ಅಂತಿದ್ದಾನೆ. ಕೊಂಡುಕೊಳ್ಳುತ್ತಿಲ್ಲ, ಸುಮ್ನೆ ಇಟ್ಟುಕೊಳ್ಳುವುದಷ್ಟೇ. ಮನೆ ಪಕ್ಕ ಶಾಲೆ ಇದೆ, ಅದಕ್ಕೇ ಹೆದರಿಕೆ.
— ಹೆಸರು ಬೇಡ, ಆಸ್ಟಿನ್

ಉತ್ತರ: ಶಾಲೆಯ ಯೋಚನೆ ಬಿಡಿ, ವೀಸಾ ನೋಡಿಕೊಳ್ಳಿ. ಎಚ್-1ಬಿ, ಎಚ್-4, ವಿದ್ಯಾರ್ಥಿ ವೀಸಾ, ಹೀಗೆ ವಲಸೆಯೇತರ, ಅಂದರೆ ಕಾಯಂ ಆಗಿ ನೆಲೆಸಲು ಅಲ್ಲದ ವೀಸಾದಲ್ಲಿ ಬಂದವರು ಗನ್ ಕೊಳ್ಳುವುದು ಮಾತ್ರ ಅಲ್ಲ, ಇಟ್ಟುಕೊಳ್ಳುವುದೂ ಫೆಡರಲ್ ಅಪರಾಧ. 2022ರ ತಿದ್ದುಪಡಿಯ ನಂತರ ಶಿಕ್ಷೆ 15 ವರ್ಷದವರೆಗೆ. ಯಾರ ಹೆಸರಿನ ಗನ್ ಅನ್ನುವುದು ಮುಖ್ಯ ಅಲ್ಲ, ನಿಮ್ಮ ಬೀರುವಿನಲ್ಲಿದ್ದರೆ ನಿಮ್ಮ ಹತೋಟಿಯಲ್ಲಿದೆ ಅಂತಲೇ ಲೆಕ್ಕ. ಶೂಟಿಂಗ್ ರೇಂಜಿನಲ್ಲಿ ಬಾಡಿಗೆ ಗನ್ ಹಿಡಿದು ಫೋಟೋ ಹಾಕುವ ಹುಡುಗರಿಗೂ ಇದೇ ಅನ್ವಯ. ಅಲ್ಲಿನ ಯಾವುದಾದರೂ ರಾಜ್ಯ ಕೊಟ್ಟ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಇದೆ, ಆದರೆ ವಲಸೆ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಹೊರಡಬೇಡಿ.

ಗ್ರೀನ್ ಕಾರ್ಡ್ ಬಂದವರಿಗೆ ಈ ನಿಷೇಧ ಇಲ್ಲ. ಅವರಿಗೆ ಇನ್ನೊಂದು ಭಯ ಇದೆ. ಕಾನೂನು ಮೀರಿ ಗನ್ ಇಟ್ಟುಕೊಂಡ, ಒಯ್ದ ಕೇಸಿನಲ್ಲಿ ಶಿಕ್ಷೆಯಾದರೆ ಅದೊಂದೇ ಸಾಕು ದೇಶದಿಂದ ಹೊರಹಾಕುವುದಕ್ಕೆ. ಮೇಲಿನ ಪ್ರಶ್ನೆಯ 1,000 ಅಡಿಯ ಕೇಸೂ ಅದರಲ್ಲಿ ಸೇರಬಹುದು. ಪೌರತ್ವ ಇರುವ ಪಕ್ಕದ ಮನೆಯವರು ಮಾಡುತ್ತಾರೆ ಅಂತ ನಾವೂ ಮಾಡಿದರೆ ಅವರಿಗಾಗುವುದೇ ಬೇರೆ, ನಮಗಾಗುವುದೇ ಬೇರೆ. ಸ್ನೇಹಿತನಿಗೆ ಆಗುವುದಿಲ್ಲ ಅಂತ ಹೇಳಿಬಿಡಿ.

ಪ್ರಶ್ನೆ: ಮಗ ಕ್ಲಾಸ್‌ಮೇಟ್ ಮನೆಗೆ ಆಡಲು ಹೋಗುತ್ತಾನೆ. ಆ ಮನೆಯಲ್ಲಿ ಗನ್ ಇದೆಯಾ ಅಂತ ಕೇಳಬೇಕು ಅನ್ನಿಸುತ್ತದೆ. ನಮ್ಮ ಯಜಮಾನರು "ಯಾರಾದರೂ ಹಾಗೆ ಕೇಳ್ತಾರಾ, ಮರ್ಯಾದೆ ಹೋಗುತ್ತೆ" ಅಂತಾರೆ.
— ಒಬ್ಬ ತಾಯಿ, ಮಿಶಿಗನ್

ಉತ್ತರ: ಕೇಳಿ, ಅಮ್ಮ. ಕಡಲೆಕಾಯಿ ಅಲರ್ಜಿ ಇದೆ ಅಂತ ಹೇಳುವಾಗ ನಾಚಿಕೊಳ್ಳುತ್ತೀರಾ? ಅದೇ ಫೋನಿನಲ್ಲಿ, ಅದೇ ದನಿಯಲ್ಲಿ, "ಮನೆಯಲ್ಲಿ ಗನ್ ಇದ್ದರೆ ಬೀಗ ಹಾಕಿರುತ್ತೀರಲ್ವಾ?" ಅಂದರೆ ಮುಗಿಯಿತು. ಅಲ್ಲಿನ ಮಕ್ಕಳ ವೈದ್ಯರ ಸಂಘದ ಸಲಹೆಯೂ ಇದೇ ತರಹ: ಗುಂಡು ತೆಗೆದಿರಬೇಕು, ಗನ್ನಿಗೆ ಬೀಗ ಇರಬೇಕು, ಗುಂಡುಗಳನ್ನು ಬೇರೆ ಕಡೆ ಬೀಗ ಹಾಕಿಟ್ಟಿರಬೇಕು.

ನಿಮ್ಮ ರಾಜ್ಯದಲ್ಲಂತೂ ಇದು ಬರೀ ಸಲಹೆ ಅಲ್ಲ. 2021ರ ನವೆಂಬರ್ 30ರಂದು ಮಿಶಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 15 ವರ್ಷದ ಹುಡುಗ ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. ಆ ಪಿಸ್ತೂಲನ್ನು ಕೆಲವೇ ದಿನ ಮೊದಲು ಅಪ್ಪ ಕೊಂಡಿದ್ದರು. 2024ರಲ್ಲಿ ಅಪ್ಪ-ಅಮ್ಮ ಇಬ್ಬರಿಗೂ ಉದ್ದೇಶವಿಲ್ಲದ ನರಹತ್ಯೆಯ ಆರೋಪದಲ್ಲಿ 10ರಿಂದ 15 ವರ್ಷ ಶಿಕ್ಷೆಯಾಯಿತು. ಮಗ ಶಾಲೆಯಲ್ಲಿ ಮಾಡಿದ ಇಂಥ ಹತ್ಯೆಗೆ ಹೆತ್ತವರು ಜೈಲಿಗೆ ಹೋದದ್ದು ಅಲ್ಲಿ ಅದೇ ಮೊದಲು. ವಿಚಾರಣೆಯಲ್ಲಿ ಕೇಬಲ್ ಬೀಗದ ಮಾತು ಬಂತು. ಅದು ಪ್ಲಾಸ್ಟಿಕ್ ಹೊದಿಸಿದ ಸಣ್ಣ ಉಕ್ಕಿನ ತಂತಿ. ಗುಂಡಿನ ಮ್ಯಾಗಜೀನ್ ತೆಗೆದು, ಆ ತೂತಿನೊಳಗಿಂದ ತಂತಿ ಹಾಯಿಸಿ ಬೀಗ ಒತ್ತಿದರೆ ಗನ್ನಿಗೆ ಗುಂಡು ತುಂಬುವುದಕ್ಕೇ ಆಗುವುದಿಲ್ಲ. ಒಂದು ನಿಮಿಷದ ಕೆಲಸ. ಆ ಮನೆಯಲ್ಲಿ ಅದು ಕವರಿನಿಂದಲೇ ಹೊರಗೆ ಬಂದಿರಲಿಲ್ಲ. ಲೈಸೆನ್ಸ್ ಇರುವ ಅಂಗಡಿಯವರು ಪಿಸ್ತೂಲು ಮಾರುವಾಗ ಇಂಥದ್ದೊಂದು ಬೀಗ ಕೊಡಲೇಬೇಕು ಅಂತ 2005ರಲ್ಲಿ ಮಾಡಿದ ಫೆಡರಲ್ ಕಾನೂನು ಇದೆ. ಕೊಂಡವರು ಅದನ್ನು ಹಾಕಲೇಬೇಕು ಅಂತ ಮಾತ್ರ ಇಲ್ಲ, ಅದನ್ನು ರಾಜ್ಯಗಳಿಗೆ ಬಿಟ್ಟಿದ್ದಾರೆ. ಈ ಅರೆಬರೆ ವ್ಯವಸ್ಥೆ ನನಗಂತೂ ಅರ್ಥವಾಗುವುದಿಲ್ಲ.

ಮಿಶಿಗನ್ ಆ ಕೊರತೆ ತುಂಬಿಕೊಂಡಿದೆ. 2024ರ ಫೆಬ್ರವರಿ 13ರಿಂದ, 18 ತುಂಬದ ಮಕ್ಕಳು ಇರುವ ಅಥವಾ ಬರಬಹುದಾದ ಮನೆಯಲ್ಲಿ ಗನ್ನನ್ನು ಬೀಗ ಹಾಕಿಯೇ ಇಡಬೇಕು. "ಬರಬಹುದಾದ" ಅಂದರೆ ಆಡಲು ಬರುವ ನಿಮ್ಮ ಮಗನೂ ಸೇರಿದ. ಹಾಗೆ ಇಡದೆ ಮಗುವಿನ ಕೈಗೆ ಸಿಕ್ಕಿ ಯಾರಾದರೂ ಸತ್ತರೆ 15 ವರ್ಷದವರೆಗೆ ಶಿಕ್ಷೆ. ಯಜಮಾನರಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ಮೊಮ್ಮಗ ಆಟದ ಗನ್ ಬ್ಯಾಗಿನಲ್ಲಿಟ್ಟುಕೊಂಡು ಹೋದರೆ ಅಮೆರಿಕದಲ್ಲಿ ಒಂದು ವರ್ಷ ಶಾಲೆಯಿಂದ ಹೊರಗೆ ಹಾಕುತ್ತಾರಂತೆ?
— ಒಬ್ಬ ಅಜ್ಜ, ಮೈಸೂರು

ಉತ್ತರ: ಫೆಡರಲ್ ಅನುದಾನ ಪಡೆಯುವ ಶಾಲೆಗಳಿಗಾಗಿ 1994ರಲ್ಲಿ ಬಂದ ಆ ಒಂದು ವರ್ಷದ ನಿಯಮ ನಿಜವಾದ ಗನ್ ತಂದವರಿಗೆ, ಅದನ್ನೂ ಶಾಲಾ ಆಡಳಿತದ ಮುಖ್ಯಸ್ಥರು ಒಂದೊಂದು ಕೇಸಿನಲ್ಲಿ ಕಡಿಮೆ ಮಾಡಬಹುದು. ಆದರೆ ಆಟಿಕೆಗೂ ಶಾಲೆಗಳು ತಮ್ಮದೇ ನಿಯಮ ಮಾಡಿಕೊಂಡಿರುತ್ತವೆ ಅಜ್ಜ, ನೋಡಲು ಅಸಲಿ ತರಹ ಇದ್ದರಂತೂ ಗಲಾಟೆ ಗ್ಯಾರಂಟಿ. ಮನೆಯಲ್ಲೇ ಆಡಿಕೊಳ್ಳಲಿ.

ಪ್ರಶ್ನೆ: ನಮ್ಮದು ಕಾಫಿ ತೋಟ. ಬೆಳೆ ರಕ್ಷಣೆಗೆ ಲೈಸೆನ್ಸ್ ಇರುವ ಕೋವಿ ಇದೆ. ತೋಟಕ್ಕೆ ಹೋಗುವಾಗ ಜೀಪಿನಲ್ಲಿ ಇಟ್ಟುಕೊಂಡೇ ಮಗಳನ್ನು ಶಾಲೆಗೆ ಬಿಡುತ್ತೇನೆ. ನಮ್ಮಲ್ಲೂ 1,000 ಅಡಿ ಲೆಕ್ಕ ಇದೆಯಾ?
— ಒಬ್ಬ ಬೆಳೆಗಾರ, ಚಿಕ್ಕಮಗಳೂರು

ಉತ್ತರ: ನಮ್ಮ ಆಯುಧ ಕಾಯ್ದೆಯಲ್ಲಿ ಹಾಗೆ ಅಡಿ ಅಳೆಯುವುದಿಲ್ಲ. ಆದರೆ ನಿಮ್ಮ ಲೈಸೆನ್ಸ್ ಪುಸ್ತಕದಲ್ಲಿ ಷರತ್ತುಗಳಿವೆಯಲ್ಲ, ಅಲ್ಲೇ ಇದೆ ಉತ್ತರ. ವಿಶೇಷ ಅನುಮತಿ ಇಲ್ಲದೆ ಜಾತ್ರೆಗೆ, ಧಾರ್ಮಿಕ ಮೆರವಣಿಗೆಗೆ, ಜನ ಸೇರುವ ಕಡೆಗೆ, ಹಾಗೇ ಯಾವುದೇ ಶಿಕ್ಷಣ ಸಂಸ್ಥೆಯ ಆವರಣದೊಳಗೆ ಕೋವಿ ಒಯ್ಯಬಾರದು. ಜೀಪು ಶಾಲೆಯ ಗೇಟು ದಾಟಿದರೆ ಷರತ್ತು ಮುರಿದ ಹಾಗೆ, ಕೋವಿ ಸೀಟಿನ ಹಿಂದೆ ಮುಚ್ಚಿಟ್ಟಿದ್ದರೂ ಅಷ್ಟೇ. ಷರತ್ತು ಮುರಿದರೆ ಲೈಸೆನ್ಸನ್ನೇ ರದ್ದು ಮಾಡುವ ಅಧಿಕಾರ ಜಿಲ್ಲಾಧಿಕಾರಿಗಳಿಗೆ ಇದೆ. ಆಮೇಲೆ ಹಂದಿ, ಮಂಗ ಬಂದಾಗ ಬರೀ ಪಟಾಕಿ ಹೊಡೆದುಕೊಂಡು ಕೂರಬೇಕಾಗುತ್ತದೆ. ಮೊದಲು ಮಗಳನ್ನು ಬಿಟ್ಟು ಬನ್ನಿ, ಆಮೇಲೆ ಮನೆಗೆ ಬಂದು ಕೋವಿ ತೆಗೆದುಕೊಂಡು ತೋಟಕ್ಕೆ ಹೋಗಿ. ಡೀಸೆಲ್ ಸ್ವಲ್ಪ ಜಾಸ್ತಿ ಆಗುತ್ತದೆ, ಏನು ಮಾಡೋದು.